ಹಿಮಪಾತ ಮತ್ತು ಹಿಮಕುಸಿತ: ಒಂದು ಪದವಿಚಾರ

ಸಾಹಿತ್ಯ ಓದೋರಿಗೆ, ಅದೂ ರಾಯದುರ್ಗದೋರಿಗೆ ಹಿಮದ ಗೊಡವೆ ಯಾಕೆ ಅಂತ ಕೇಳಬಹುದು. ನಮ್ ಕಡೆ ಮಳೆಯೇ ಅಪರೂಪ. ಆಲಿಕಲ್ಲು ಬಿದ್ದರೆ ವಾರವೆಲ್ಲ ಅದೇ ಮಾತು. ನನ್ನ ವಿಷಯ ‘ಹಿಮಪಾತ’ ಎಂಬ ಪದ. ಆಕಾಶದಿಂದ ಹಿಮ ಬೀಳುವುದಕ್ಕೂ, ಬೆಟ್ಟದ ಮೇಲೆ ಕೂತ ಹಿಮ ಜಾರಿ ಬರುವುದಕ್ಕೂ ಕನ್ನಡದಲ್ಲಿ ಎಷ್ಟೋ ಸಲ ಇದೊಂದನ್ನೇ ಬಳಸ್ತೀವಿ. ಹಿಂದಿಯಲ್ಲಿ ಎರಡನೆಯದಕ್ಕೆ ‘ಹಿಮಸ್ಖಲನ’ ಅಂತ ಬೇರೆ ಪದವಿದೆ. ನಮ್ಮಲ್ಲೂ ಭೂಕುಸಿತದ ಜಾಡಿನಲ್ಲಿ ‘ಹಿಮಕುಸಿತ’ ಇದೆ, ಬಳಕೆ ಮಾತ್ರ ಗಟ್ಟಿಯಾಗಿಲ್ಲ.

ಇದು ಬರೀ ನಿಘಂಟಿನ ತಕರಾರಲ್ಲ. ಬೆಟ್ಟದ ಮೇಲೆ ಒಂದೊಂದು ಸಲ ಬಿದ್ದ ಹಿಮ ಒಂದೊಂದು ಪದರವಾಗಿ ಕೂರುತ್ತದೆ. ಪದರದ ಬುಡ ಬೆಚ್ಚಗಿದ್ದು ಮೇಲೆ ಕೊರೆಯುವ ಚಳಿಯಿದ್ದರೆ, ಒಳಗಿನ ಹರಳುಗಳು ಸಕ್ಕರೆಯಂತೆ ಬಿಡಿಬಿಡಿಯಾಗುತ್ತವೆ. ಅದರ ಮೇಲೆ ಗಾಳಿ ಹೊತ್ತು ತಂದ ಹಿಮ ಒತ್ತಿಕೊಂಡು ಗಟ್ಟಿಯಾಯಿತು ಅನ್ನಿ: ಓರೆ ಹಲಗೆಯ ಮೇಲೆ ಸಾಸಿವೆ ಚೆಲ್ಲಿ ಕಡಪ ಕಲ್ಲು ಇಟ್ಟ ಹಾಗೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಈ ಅಪಾಯ ಹೆಚ್ಚು. ಇನ್ನೂ ಕಡಿದಾದ ಕಡೆ ಹಿಮ ಅಷ್ಟು ನಿಲ್ಲೋದೇ ಇಲ್ಲ. ಆಕಾಶ ತಿಳಿಯಾಗಿದ್ದರೂ ಒಬ್ಬ ಚಾರಣಿಗನ ತೂಕಕ್ಕೆ ಆ ಪದರ ಬಿರಿದು ಜಾರಬಹುದು. ‘ಹಿಮಪಾತ ನಿಂತಿದೆ’ ಅಂತ ಓದಿ ಹೊರಟವರಿಗೆ ಈ ಸುದ್ದಿ ತಲುಪಿರೋದಿಲ್ಲ. ನನಗೆ ಆತಂಕ ಇರೋದು ಇಲ್ಲೇ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, 10 ಯೋಧರು ಹೂತುಹೋದರು. ಅಲ್ಲಿ ಮುರಿದು ಬಿದ್ದದ್ದು ಮಂಜುಗಡ್ಡೆಯ ಗೋಡೆ. ಅದನ್ನು ‘ಹಿಮಪಾತ’ ಅಂದರೆ ಹತ್ತಿಯಂತೆ ಉದುರೋ ಹಿಮವೇ ಕಣ್ಣಿಗೆ ಬರುತ್ತದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕರು, 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಕರ್ನಾಟಕವೆಲ್ಲ ಅದನ್ನು ಪವಾಡ ಅಂತು. ಹೌದು, ಪವಾಡವೇ. ಸಾಮಾನ್ಯವಾಗಿ ಹಿಮದಡಿ ಸಿಕ್ಕವರನ್ನು ಕಾಲು ಗಂಟೆಯೊಳಗೆ ತೆಗೆದರೆ ಹೆಚ್ಚಿನವರು ಉಳಿಯುತ್ತಾರೆ; ಅರ್ಧ ಗಂಟೆ ದಾಟಿದರೆ ಹೆಚ್ಚಿನವರು ಉಸಿರುಕಟ್ಟಿ ಸಾಯುತ್ತಾರೆ. ಅಷ್ಟರಲ್ಲಿ ಹೆಲಿಕಾಪ್ಟರ್ ಬರೋದಿಲ್ಲ. ಪಕ್ಕದಲ್ಲೇ ನಡೆಯುತ್ತಿದ್ದವರ ಹತ್ತಿರ ಸಲಿಕೆ, ಚುಚ್ಚಿ ಹುಡುಕೋ ಉದ್ದನೆಯ ಕೋಲು, ಸಂಕೇತ ಹಿಡಿಯೋ ಬೀಕನ್ ಇರಬೇಕು. ಹೂತವರ ಮೈಮೇಲೂ ಒಂದು ಬೀಕನ್ ಇರಬೇಕು.

2022ರ ಅಕ್ಟೋಬರ್‌ನಲ್ಲಿ ಉತ್ತರಾಖಂಡದ ದ್ರೌಪದಿ ಕಾ ದಂಡಾದಲ್ಲಿ ಸತ್ತ ಪರ್ವತಾರೋಹಣ ಶಿಬಿರಾರ್ಥಿಗಳಲ್ಲಿ ಬೆಂಗಳೂರಿನವರೂ ಇದ್ದರು. ಅಂಥ ಶಿಬಿರಕ್ಕೆ ಹೋಗೋ ಹುಡುಗರು ಈಗ ನಮ್ ಕಡೆಯೂ ಇದ್ದಾರೆ. ಅವರು ಕನ್ನಡದಲ್ಲಿ ಓದೋ ಎಚ್ಚರಿಕೆಯಲ್ಲಿ ಯಾವ ಪದ ಇರಬೇಕು ಅನ್ನೋದರ ಮೇಲೆ ಚರ್ಚೆ ಶುರು ಮಾಡೋಣ.