ಮಿಸ್‌ಅಪ್ರೋಪ್ರಿಯೇಷನ್: ವಾಪಸ್ ಕಟ್ಟಿದ್ರೂ ಅದೇ ಪದಾನಾ?

ಹೋದ ವಾರ ಸೊರಬದ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ಸ್ವಸಹಾಯ ಸಂಘದ ಆಡಿಟ್ ವರದಿಯಲ್ಲಿ 'ಮಿಸ್‌ಅಪ್ರೋಪ್ರಿಯೇಷನ್' ಅಂತ ಬರೆದಿದಾರಂತೆ. ಖಜಾಂಚಿ ಸಂಘದ ದುಡ್ಡನ್ನ ಶುಂಠಿ ಬೀಜಕ್ಕೆ ಹಾಕಿ, ಎರಡು ತಿಂಗಳಿಗೆ ಪೂರ್ತಿ ವಾಪಸ್ ಕಟ್ಟಿದಾರೆ. "ಇದಕ್ಕೆ ದುರ್ಬಳಕೆ ಅಂತ ಅರ್ಥ ಹೇಳಿದ್ರು. ಆದ್ರೆ ದುಡ್ಡು ಬಂತಲ್ಲ ಅಣ್ಣ?" ಅಂತ ಪ್ರಶ್ನೆ.

ಬಿ.ಕಾಂ. ಓದಿದೋರಿಗೆ ಈ ಪದದ ಅರ್ಧ ಭಾಗ ಗೊತ್ತು. ಪಾಲುದಾರಿಕೆ ಲೆಕ್ಕದಲ್ಲಿ 'ಅಪ್ರೋಪ್ರಿಯೇಷನ್ ಅಕೌಂಟ್' ಬರುತ್ತೆ, ಲಾಭದಲ್ಲಿ ಯಾರಿಗೆ ಎಷ್ಟು ಅಂತ ಎತ್ತಿಡೋ ಖಾತೆ. ಬಜೆಟ್ ಹೊತ್ತಲ್ಲಿ ವಿಧಾನಸಭೆಯಲ್ಲಿ ಪಾಸಾಗೋ ಧನವಿನಿಯೋಗ ವಿಧೇಯಕ ಕೂಡ ಇಂಗ್ಲಿಷಲ್ಲಿ ಅಪ್ರೋಪ್ರಿಯೇಷನ್ ಬಿಲ್ಲೇ. ಬೇರು ಲ್ಯಾಟಿನ್‌ನ 'ಪ್ರೋಪ್ರಿಯಸ್', ಅಂದ್ರೆ ಸ್ವಂತದ್ದು. ಮುಂದೆ 'ಮಿಸ್' ಸೇರಿದ್ರೆ, ತನ್ನದಲ್ಲದ್ದನ್ನ ತಪ್ಪಾಗಿ ತನ್ನದು ಮಾಡ್ಕೊಳ್ಳೋದು.

ನಮ್ಮ ತೊಂದರೆ ಏನಂದ್ರೆ, ಇಂಗ್ಲಿಷಿನ ಮೂರು ಪದಕ್ಕೆ ಕನ್ನಡದಲ್ಲಿ ಒಂದೇ ಚೀಲ. ಕಚೇರಿ ಜೀಪು ಮದುವೆಗೆ ಹೋದ್ರೆ 'ಮಿಸ್‌ಯೂಸ್'. ಅಧಿಕಾರದ ದರ್ಪ ತೋರಿಸಿ ಕೆಲಸ ಮಾಡಿಸ್ಕೊಂಡ್ರೆ 'ಅಬ್ಯೂಸ್'. ನಂಬಿ ಕೊಟ್ಟ ಹಣ ಜೇಬಿಗೆ ಹೋದ್ರೆ 'ಮಿಸ್‌ಅಪ್ರೋಪ್ರಿಯೇಷನ್'. ಮೂರಕ್ಕೂ ನಾವು ದುರ್ಬಳಕೆ, ದುರುಪಯೋಗ ಅಂತೀವಿ. ಕಾನೂನು ಕನ್ನಡದಲ್ಲಿ 'ದುರ್ವಿನಿಯೋಗ' ಅಂತ ಬೇರೆ ಪದವೇ ಇದೆ, ಆದ್ರೆ ಶಿಕಾರಿಪುರದ ಬಸ್‌ಸ್ಟ್ಯಾಂಡಲ್ಲಿ ಅದನ್ನ ಯಾರೂ ಆಡಲ್ಲ. ಕಟ್ಟೆ ಮೇಲೆ ಕೂತೋರು "ನುಂಗ್ದ" ಅಂತಾರೆ. ನನ್ ಕೇಳಿದ್ರೆ ಅದೇ ಮೂಲಾರ್ಥಕ್ಕೆ ಹತ್ತಿರ.

ಆದ್ರೆ ಎಡವೋದೂ ಅಲ್ಲೇ. ನುಂಗಿದ್ದು ವಾಪಸ್ ಬರಲ್ಲ, ವಾಪಸ್ ಬಂದ್ರೆ ನುಂಗಿದ್ದಲ್ಲ ಅನ್ನೋದು ನಮ್ಮ ಲೆಕ್ಕ. ಕಾನೂನಿನ ಲೆಕ್ಕ ಹಾಗಿಲ್ಲ. ಹಳೆಯ ಭಾರತೀಯ ದಂಡ ಸಂಹಿತೆಯ 403ನೇ ಕಲಂ ಇತ್ತಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 314 ಆಗಿದೆ. ಸ್ವಲ್ಪ ಕಾಲಕ್ಕೆ ಮಾತ್ರ ಅಪ್ರಾಮಾಣಿಕವಾಗಿ ತನ್ನದು ಮಾಡ್ಕೊಂಡ್ರೂ ಅದು ದುರ್ವಿನಿಯೋಗವೇ ಅಂತ ಅಲ್ಲಿ ವಿವರಣೆ ಕೊಟ್ಟಿದಾರೆ. ಉದಾಹರಣೆನೂ ಇದೆ: ಬೇರೆಯವರ ಸಾಲಪತ್ರ ಒಬ್ಬನಿಗೆ ಸಿಗುತ್ತೆ, ಮುಂದೆ ವಾಪಸ್ ಕೊಡೋ ಉದ್ದೇಶ ಇಟ್ಕೊಂಡೇ ಅದನ್ನ ಬ್ಯಾಂಕಲ್ಲಿ ಅಡ ಇಡ್ತಾನೆ. ಅವನೂ ತಪ್ಪಿತಸ್ಥ. ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ, ಜೊತೆಗೆ ದಂಡ. ಹಳೇ ಕಾನೂನಲ್ಲಿ ಈ ಆರು ತಿಂಗಳ ಕನಿಷ್ಠ ಮಿತಿ ಇರಲಿಲ್ಲ.

ಖಜಾಂಚಿಗೆ ಇನ್ನೊಂದು ಗಂಟೂ ಇದೆ. ಹಣ ಅವರಿಗೆ ದಾರಿಲಿ ಸಿಕ್ಕಿದ್ದಲ್ಲ, ಸದಸ್ಯರು ನಂಬಿ ವಹಿಸಿದ್ದು. ಆಗ 316ನೇ ಕಲಂ, ನಂಬಿಕೆ ದ್ರೋಹ, ಅಡ್ಡ ಬರಬಹುದು. ಅದಕ್ಕೆ ಐದು ವರ್ಷದವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ.

ಹಾಗಂತ ಎಲ್ಲಾ ಗೊಂದಲನೂ ಅಪರಾಧ ಅಲ್ಲ. ಎರಡೂ ಕಡೆ 'ಅಪ್ರಾಮಾಣಿಕವಾಗಿ' ಅನ್ನೋ ಪದ ಇದೆ. ತನ್ನದೇ ವಸ್ತು ಅಂತ ನಿಜವಾಗಿ ನಂಬಿ ತಗೊಂಡ್ರೆ ಅಪರಾಧ ಇಲ್ಲ, ತಪ್ಪು ಗೊತ್ತಾದ ಮೇಲೂ ಇಟ್ಕೊಂಡ್ರೆ ಅಪರಾಧ. ಸಭೆಯಲ್ಲಿ ಠರಾವು ಮಾಡಿ ಸಾಲ ಅಂತ ಬರೆದು ತಗೊಂಡಿದ್ರೆ ಕಥೆನೇ ಬೇರೆ. ಅದಕ್ಕೇ ಸೊರಬದ ಆ ಅಕ್ಕನಿಗೆ ನಾನು ವಾಪಸ್ ಕೇಳಿದ್ದು ಒಂದೇ: ಆ ಎರಡು ತಿಂಗಳ ನಡಾವಳಿ ಪುಸ್ತಕದಲ್ಲಿ ಏನಾದ್ರೂ ಬರೆದಿದೀರಾ? ಕಟ್ಟಿದ ರಸೀದಿ ಇದೆ ಅಂದ್ರು, ಅದನ್ನ ಜೋಪಾನ ಮಾಡಿ. ತಗೊಂಡ ದಿನದ್ದು ಏನಿದೆ, ಆಡಿಟರ್ ನೋಡಿದ್ದು ಅದನ್ನ.

ಇನ್ನು ಸಂಘದ ವಾಟ್ಸಾಪ್ ಗ್ರೂಪಲ್ಲಿ 'ದುರುಪಯೋಗ' ಅಂತ ಹಾಕಬೇಕು ಅಂತಿರೋ ಉಳಿದ ಸದಸ್ಯರು ಮೊದಲು ಆ ಪುಟ ತೆಗೆದು ನೋಡಿ, ಆಮೇಲೆ ಟೈಪ್ ಮಾಡಿ.