ಊರು ಬಿಟ್ಟ ಮೇಲೆ ಅಂಟುವ ಹೆಸರು: ‘ಚಂದ್ರಬಂಡ’ದ ಸುತ್ತ ಒಂದಿಷ್ಟು

ಹೊಸ ಬ್ಯಾಚು ಬಂದ ಮೊದಲ ವಾರ ನಮ್ಮ ಕ್ಯಾಂಪಸ್ಸಿನಲ್ಲಿ ಎರಡು ಪ್ರಶ್ನೆಗಳು ತಪ್ಪದೇ ಕೇಳಿಬರುತ್ತವೆ. ಒಂದು, ‘ಯಾವ ಬ್ರಾಂಚು?’ ಇನ್ನೊಂದು, ‘ಅಡ್ಡಹೆಸರೇನಪಾ?’ ಪಾಟೀಲ, ಹಿರೇಮಠ, ಬಡಿಗೇರ ಅಂದರೆ ಕೇಳಿದವರು ತಲೆಯಾಡಿಸಿ ಮುಂದೆ ಹೋಗ್ತಾರೆ. ‘ಚಂದ್ರಬಂಡ’ ಅಂದರೆ ಮಾತ್ರ ನಿಂತು, ‘ಏನು? ಇನ್ನೊಮ್ಮೆ ಹೇಳು’ ಅಂತಾರೆ. ಆ ‘ಇನ್ನೊಮ್ಮೆ ಹೇಳು’ಗೆ ಉತ್ತರವಾಗಿ ನಾವು ಈ ಲೇಖನ ಬರೆಯುತ್ತಿದ್ದೇವೆ.

ಮೊದಲು ಊರು

ಚಂದ್ರಬಂಡ ರಾಯಚೂರು ತಾಲ್ಲೂಕಿನ ಒಂದು ಊರು. ತೆಲಂಗಾಣದ ಗಡಿ ಅಲ್ಲಿಂದ ಹತ್ತಿರ. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಚಹಾದಂಗಡಿಯಲ್ಲಿ ಕೇಳಿಸುತ್ತವೆ. ಊರಿನ ಹೆಸರೂ ಹಾಗೇ ಬೆರೆತದ್ದು.

ಊರಹೆಸರನ್ನು ಬಿಡಿಸುವಾಗ ಕೊನೆಯಿಂದ ಶುರು ಮಾಡಬೇಕು. ಹಳ್ಳಿ, ಊರು, ಪುರ, ದೊಡ್ಡಿ, ಕಲ್ಲು, ಗುಡ್ಡ – ಕೊನೆಯ ಭಾಗ ಅದು ಎಂಥ ಜಾಗ ಅಂತ ಹೇಳುತ್ತದೆ. ಮೊದಲ ಭಾಗ ಅಂಥ ಜಾಗಗಳಲ್ಲಿ ಯಾವುದು ಅಂತ ಹೇಳುತ್ತದೆ. ಇಲ್ಲಿ ಕೊನೆಯ ಭಾಗ ‘ಬಂಡ’. ಕನ್ನಡದಲ್ಲಿ ಬಂಡೆ, ತೆಲುಗಿನಲ್ಲಿ ಬಂಡ. ಎರಡಕ್ಕೂ ಅರ್ಥ ಒಂದೇ, ಹಾಸುಗಲ್ಲು, ದೊಡ್ಡ ಕಲ್ಲು. ಗ್ರಾನೈಟು, ನೈಸ್ ಶಿಲೆಗಳೇ ತುಂಬಿರುವ ರಾಯಚೂರು ಸೀಮೆಯಲ್ಲಿ ಬಂಡೆಯ ಹೆಸರಿನ ಊರು ಇದ್ದರೆ ಆಶ್ಚರ್ಯವೇನಿಲ್ಲ.

ಆದರೆ ಕೊನೆಯ ಆ ಸ್ವರವನ್ನು ಸ್ವಲ್ಪ ಗಮನಿಸಿ. ನಮ್ಮ ಕಡೆ ಮಾತಿನಲ್ಲಿ ಮನೆ ‘ಮನಿ’ ಆಗ್ತದೆ, ಹೊಳೆ ‘ಹೊಳಿ’ ಆಗ್ತದೆ. ಆ ಲೆಕ್ಕದಲ್ಲಿ ಬಂಡೆ ‘ಬಂಡಿ’ ಆಗಬೇಕಿತ್ತು. ಊರಿನ ಹೆಸರಲ್ಲಿ ಉಳಿದಿರೋದು ‘ಬಂಡ’. ಅಂದರೆ ತೆಲುಗಿನ ರೂಪ. ಮುಂದಿರುವ ‘ಚಂದ್ರ’ ಸಂಸ್ಕೃತದಿಂದ ಬಂದು ಎರಡೂ ಭಾಷೆಗಳಲ್ಲಿ ನೆಲೆ ನಿಂತ ಪದ. ಆಕಾಶದ ಚಂದ್ರನೇ ಆಗಬೇಕೆಂದಿಲ್ಲ, ಅದು ಮನುಷ್ಯರ ಹೆಸರೂ ಹೌದು. ಹಾಗಾಗಿ ‘ಬೆಳದಿಂಗಳಲ್ಲಿ ಹೊಳೆಯುವ ಬಂಡೆ’ ಅಂತ ಕವಿತೆ ಕಟ್ಟುವುದನ್ನು ನಾವು ಹಾಸ್ಟೆಲ್ ಕವಿಗಳಿಗೇ ಬಿಡುತ್ತೇವೆ.

ಈ ಸೀಮೆಯಲ್ಲಿ ತೆಲುಗು ನಿನ್ನೆ ಮೊನ್ನೆ ಬಂದದ್ದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ವಿವರ ಅದರಲ್ಲಿದೆ. ಆ ಮಹಾಬಂಡೆಯನ್ನು ಗಾಡಿಯ ಮೇಲೆ ಹೇರಿ ಪ್ರಾಣಿಗಳಿಂದ ಎಳೆಸುವ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಸಿವಿಲ್, ಮೆಕ್ಯಾನಿಕಲ್ ಗೆಳೆಯರು ನೋಡಲೇಬೇಕಾದ ಚಿತ್ರ ಅದು.

ಊರು ಯಾವಾಗ ಅಡ್ಡಹೆಸರಾಗುತ್ತದೆ?

ಇಲ್ಲೊಂದು ತಮಾಷೆ ಇದೆ. ಚಂದ್ರಬಂಡದಲ್ಲೇ ಇರುವವರನ್ನು ಯಾರೂ ‘ಚಂದ್ರಬಂಡದವರು’ ಅಂತ ಕರೆಯೋದಿಲ್ಲ. ಎಲ್ಲರೂ ಅಲ್ಲಿಯವರೇ ಆದಾಗ ಆ ಹೆಸರಿಂದ ಗುರುತೇನೂ ಸಿಗುವುದಿಲ್ಲ. ಇಲೆಕ್ಟ್ರಾನಿಕ್ಸಿನವರು ಓದುವ ಇನ್‌ಫರ್ಮೇಶನ್ ಥಿಯರಿಯ ಮೊದಲ ಪಾಠವೂ ಅದೇ ಅಲ್ಲವೇ? ಖಂಡಿತ ಆಗುವ ಘಟನೆಯಲ್ಲಿ ಮಾಹಿತಿ ಸೊನ್ನೆ. ಅದೇ ಮನುಷ್ಯ ದುಡಿಮೆಗೋ, ಓದಿಗೋ, ಮದುವೆ ಸಂಬಂಧಕ್ಕೋ ರಾಯಚೂರಿಗೆ, ದೇವದುರ್ಗಕ್ಕೆ, ಮಾನ್ವಿಗೆ ಬಂದು ನೆಲೆಸಿದಾಗ ಓಣಿಯವರು ‘ಚಂದ್ರಬಂಡದವರ ಮನಿ’ ಅಂತಾರೆ. ಶಾಲೆಯ ದಾಖಲಾತಿಯಲ್ಲಿ ಮಾಸ್ತರರು ‘ದವರ’ ತೆಗೆದು ‘ಚಂದ್ರಬಂಡ’ ಅಂತ ಬರೆದರೆ ಮುಗಿಯಿತು, ಮುಂದಿನ ತಲೆಮಾರಿಗೆ ಅದೇ ಖಾಯಂ. ಹಾಗಾಗಿ ಊರಿನ ಅಡ್ಡಹೆಸರು ಊರಿಗಿಂತ ಊರಾಚೆಯೇ ಹೆಚ್ಚು ಸಿಗುತ್ತದೆ.

ಇದು ಉತ್ತರ ಕರ್ನಾಟಕದ ದೊಡ್ಡ ಪರಂಪರೆ. ಕವಿ ಶಾಂತರಸರ ಹೆಂಬೇರಾಳು, ಕತೆಗಾರ ಅಮರೇಶರ ನುಗಡೋಣಿ – ಎರಡೂ ನಮ್ಮ ಜಿಲ್ಲೆಯ ಊರುಗಳು. ಮಲ್ಲಿಕಾರ್ಜುನ ಮನಸೂರರ ಊರು ಧಾರವಾಡದ ಹತ್ತಿರದ ಮನಸೂರು. ಆದರೆ ಹೆಸರಿನ ಊರು ಹುಟ್ಟಿದ ಊರೇ ಆಗಿರಬೇಕಿಲ್ಲ: ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ‘ಕನ್ನಡ ನಾಮವಿಜ್ಞಾನ’ ಬರೆದ ಎಂ.ಎಂ. ಕಲಬುರ್ಗಿಯವರು ವಿಜಯಪುರ ಜಿಲ್ಲೆಯವರು.

ದಕ್ಷಿಣದವರು ಇದನ್ನೇ ಇನಿಷಿಯಲ್ಲಿನಲ್ಲಿ ಅಡಗಿಸುತ್ತಾರೆ. ಸೆಪ್ಟೆಂಬರ್ 15ರಂದು ನಾವೆಲ್ಲ ನೆನೆಯುವ ಸರ್ ಎಂ.ವಿ. ಅವರ ‘ಎಂ’ ಅಂದರೆ ಮೋಕ್ಷಗುಂಡಂ. ಅವರು ಹುಟ್ಟಿದ ಮುದ್ದೇನಹಳ್ಳಿಯ ‘ಎಂ’ ಅಲ್ಲ. ಅವರ ಹಿರಿಯರು ಬಿಟ್ಟುಬಂದ, ಈಗ ಆಂಧ್ರಪ್ರದೇಶದಲ್ಲಿರುವ ಊರಿನದು. ಅಂದರೆ ಮೋಕ್ಷಗುಂಡಂ ಮತ್ತು ಚಂದ್ರಬಂಡ ಒಂದೇ ಬ್ರಾಂಚಿನ ಹೆಸರುಗಳು!

ಇಷ್ಟು ಅಪರೂಪ ಯಾಕೆ?

ಪಾಟೀಲ, ಕುಲಕರ್ಣಿ ಇವು ಹುದ್ದೆಯ ಹೆಸರುಗಳು. ಊರೂರಿಗೂ ಆ ಹುದ್ದೆ ಇದ್ದದ್ದರಿಂದ ಊರೂರಿಗೂ ಆ ಹೆಸರಿನ ಮನೆ ಹುಟ್ಟಿತು. ನಿಜಾಮರ ಕಾಲದಲ್ಲಿ ಕಂದಾಯ ನೋಡಿಕೊಳ್ಳುವವ ಮಾಲಿಪಾಟೀಲ, ಊರಿನ ಕಾವಲು ನೋಡಿಕೊಳ್ಳುವವ ಪೊಲೀಸ್ ಪಾಟೀಲ. ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು. ಹುದ್ದೆ ಹೋಯಿತು, ಹೆಸರು ಹಾಸ್ಟೆಲ್ ರೂಮಿನವರೆಗೂ ಬಂತು. ಬಡಿಗೇರ, ಕಂಬಾರ, ಪತ್ತಾರದಂಥ ಕಸುಬಿನ ಹೆಸರುಗಳಿಗೂ ಇದೇ ಲೆಕ್ಕ. ಚಂದ್ರಬಂಡದಂಥ ಹೆಸರಿಗೆ ಮಾತ್ರ ಮೂಲ ಒಂದೇ ಊರು. ಆ ಊರಿನಿಂದ ಹೊರಗೆ ಹೋದವರು ಎಷ್ಟೋ ಅಷ್ಟೇ ಅದರ ಹರವು. ಅವರಲ್ಲೂ ಎಷ್ಟೋ ಮಂದಿ ಕಸುಬಿನ ಹೆಸರನ್ನೋ ಮನೆತನದ ಹೆಸರನ್ನೋ ಇಟ್ಟುಕೊಳ್ಳುತ್ತಾರೆ.

ಫಾರ್ಮು ತುಂಬುವಾಗ

ಇನ್ನು ನಮ್ಮೆಲ್ಲರ ತಲೆನೋವಿನ ವಿಷಯ. ‘ಚಂದ್ರಬಂಡ’, ‘ಚಂದ್ರಬಂಡಾ’, ‘ಚಂದ್ರ ಬಂಡ’ – ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಪ್ಯಾನ್ ಕಾರ್ಡಿನಲ್ಲಿ ಮತ್ತೊಂದು ಇದ್ದರೆ ಸ್ಕಾಲರ್‌ಶಿಪ್ಪಿನ ಪೋರ್ಟಲ್ಲಿಗೆ ಅವರು ಮೂವರು ಬೇರೆ ಬೇರೆ ಮನುಷ್ಯರು. ಇಂಗ್ಲಿಷ್ ಅಕ್ಷರಗಳಲ್ಲಿ ‘ಡ’ ಮತ್ತು ‘ದ’ ಎರಡಕ್ಕೂ ಒಂದೇ ಅಕ್ಷರ. ಪ್ಲೇಸ್‌ಮೆಂಟಿಗೆ ಬಂದ ಉತ್ತರದವರು ಅದನ್ನು ‘ಚಂದ್ರಬಂದಾ’ ಅಂತ ಓದಿದರೆ, ಹಿಂದಿಯಲ್ಲಿ ಬಂದಾ ಅಂದರೆ ಆಳು, ಮನುಷ್ಯ. ಬಂಡೆ ಹೋಗಿ ಬಂಟನಾದ! ಅಡ್ಡಹೆಸರೇ ಇಲ್ಲದ ಗೆಳೆಯರ ಪಾಡು ಇನ್ನೊಂದು ಬಗೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ.

ಹೆಸರಿನಲ್ಲೇ ಊರಿದ್ದ ಮಾತ್ರಕ್ಕೆ 371ಜೆ ಪ್ರಮಾಣಪತ್ರದಿಂದ ವಿನಾಯಿತಿ ಇಲ್ಲ. ಅದರ ಸಾಲಿನಲ್ಲಿ ಚಂದ್ರಬಂಡದವರೂ ನಿಲ್ಲಲೇಬೇಕು.

ಆ ಪ್ರಶ್ನೆಯ ಹಿಂದಿನ ಪ್ರಶ್ನೆ

‘ಅಡ್ಡಹೆಸರೇನಪಾ?’ ಅಂತ ಕೇಳುವವರೆಲ್ಲ ಹೆಸರನ್ನೇ ಕೇಳುತ್ತಿರೋದಿಲ್ಲ. ಅನೇಕ ಸಲ ಅವರಿಗೆ ಬೇಕಿರೋದು ಜಾತಿ. ನೇರ ಕೇಳಲು ನಾಚಿಕೆ, ಅದಕ್ಕೇ ಈ ಅಡ್ಡದಾರಿ. ಹುದ್ದೆ, ಕಸುಬು, ಮಠದ ಹೆಸರುಗಳು ಎಷ್ಟೋ ಸಲ ಆ ಉತ್ತರವನ್ನು ತಾವೇ ಕೊಟ್ಟುಬಿಡುತ್ತವೆ. ರೂಮು ಬಾಡಿಗೆಗೆ ಕೇಳಲು ಹೋದಾಗ, ಪ್ರಾಜೆಕ್ಟಿಗೆ ತಂಡ ಕಟ್ಟುವಾಗ ಆ ಉತ್ತರ ಏನು ಮಾಡಬಲ್ಲದು ಅಂತ ನಮ್ಮಲ್ಲಿ ಕೆಲವರಿಗೆ ಚೆನ್ನಾಗಿ ಗೊತ್ತು.

ಊರಿನ ಹೆಸರು ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಗೌಡರ ಮನೆಯ ಹುಡುಗ, ದಲಿತ ಕೇರಿಯ ಹುಡುಗಿ, ಮುಸ್ಲಿಂ ಓಣಿಯ ಹುಡುಗ ಮೂವರೂ ತಮ್ಮ ಹೆಸರಿನ ಮುಂದೆ ಒಂದೇ ಊರನ್ನು ಬರೆದುಕೊಳ್ಳಬಹುದು. ಆ ಊರಿನಲ್ಲಿ ಅವರ ಬಾವಿ ಬೇರೆ ಬೇರೆ ಇದ್ದಿರಬಹುದು; ಹಾಜರಿ ಪಟ್ಟಿಯಲ್ಲಿ ಹೆಸರು ಮಾತ್ರ ಒಂದೇ. ಹಾಗಂತ ಅಡ್ಡಹೆಸರು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನಾವು ಹೇಳುತ್ತಿಲ್ಲ. ಕೇಳುವವರಿಗೆ ಎರಡನೇ, ಮೂರನೇ ಪ್ರಶ್ನೆ ಬಾಯಿಪಾಠ ಇರುತ್ತದೆ. ಆದರೆ ಕೇಳುವವರು ನಾವಾಗಿದ್ದಾಗ ಪ್ರಶ್ನೆಯನ್ನು ‘ಯಾವೂರು?’ಗೇ ನಿಲ್ಲಿಸಬಹುದಲ್ಲ?

ಈ ಸಲ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ನಮ್ಮ ಹೆಸರು ಯಾವ ಊರಿಂದ ಬಂತು, ಆ ಊರನ್ನು ಯಾಕೆ ಬಿಟ್ಟಿವಿ, ಶಾಲೆಗೆ ಹಾಕುವಾಗ ಹೆಸರು ಬರೆಸಿದವರು ಯಾರು? ಬರಗಾಲವೋ, ಜಗಳವೋ, ನೌಕರಿಯೋ, ಏನೋ ಒಂದು ಇದ್ದೇ ಇರುತ್ತದೆ. ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇವೆ.