ನರಗುಂದ ಕೋಟೆಯ ಜೀವ ಇದ್ದದ್ದು ಹೊಂಡದಲ್ಲಿ

ಜಕ್ಕಲಿಯಿಂದ ರೋಣದ ಮೇಲೆ ನರಗುಂದಕ್ಕೆ ಹೊರಟರೆ ಎರೆಹೊಲಗಳಾಚೆ ಗುಡ್ಡ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ನರಗುಂದದ ಅರಸ ಬಾಬಾಸಾಹೇಬರು ಇಂಗ್ಲಿಷರ ವಿರುದ್ಧ ಎದ್ದ ಬಂಡಾಯದ ಕತೆ ನಮ್ಮ ಕಡೆ ಶಾಲೆ ಹುಡುಗರಿಗೂ ಬಾಯಿಪಾಠ. ಶ್ರಾವಣದಲ್ಲಿ ಗುಡ್ಡ ಹತ್ತಿದ ನನ್ನನ್ನು ಮಾತ್ರ ಬುರುಜು, ಗೋಡೆಗಳಿಗಿಂತ ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಬಂಡೆಯಲ್ಲಿ ಕೊರೆದ ನೀರಿನ ಹೊಂಡ.

ಅಂಚಿನ ಮೇಲೆ ಕೈಯಾಡಿಸಿದರೆ ಉಳಿಯ ಗುರುತುಗಳು ಬೆರಳಿಗೆ ತಾಗುತ್ತವೆ. ನೀರು ಹಸಿರುಗಟ್ಟಿದೆ, ಮೇಲೆ ಯಾರೋ ಎಸೆದ ಪ್ಲಾಸ್ಟಿಕ್ ಬಾಟಲಿಗಳು. ಕುಸಿದ ಗೋಡೆಯ ಸಂದಿಗಳಲ್ಲಿ ಮುಳ್ಳುಕಂಟಿ ಬೆಳೆದಿದೆ. ಸುತ್ತ ಬಯಲುಸೀಮೆ, ಮಲಪ್ರಭೆ ಹರಿಯುವುದು ದೂರದಲ್ಲಿ. ಇಂಥ ಕಡೆ ದಂಡು ಇರಿಸಬೇಕೆಂದರೆ ಬಿದ್ದ ಮಳೆಯನ್ನು ಹಿಡಿದಿಡದೆ ಗತಿಯಿಲ್ಲ.

ಶಿವಾಜಿಯ ಕಾಲದ್ದೆನ್ನುವ ಈ ಕೋಟೆ ಮುಂದೆ ಬಾಬಾಸಾಹೇಬರ ಭಾವೆ ಮನೆತನದ ಕೈಸೇರಿತು. 1785ರಲ್ಲಿ ಟಿಪ್ಪುವಿನ ಸೇನೆ ಮುತ್ತಿಗೆ ಹಾಕಿದಾಗ ಬಾಯಾರಿದ್ದು ಮೇಲಿದ್ದವರಲ್ಲ, ಕೆಳಗಿದ್ದವರು! ನೀರಿನ ಅಭಾವದಿಂದ ದಂಡು ಮುತ್ತಿಗೆ ಬಿಟ್ಟು ಮಲಪ್ರಭೆಯ ದಂಡೆಯ ಮುನವಳ್ಳಿಯತ್ತ ಸರಿಯಬೇಕಾಯಿತು. ಆಮೇಲೆ ಮತ್ತೆ ಬಂದು ಕೋಟೆ ಗೆದ್ದು, ವೆಂಕಟರಾವ್ ಭಾವೆ ಮತ್ತು ಅವರ ದಿವಾನ ಕಾಳೋಪಂತ ಪೇಠೆಯನ್ನು ಸೆರೆಹಿಡಿದರು. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ನರಗುಂದ ಮರಾಠರಿಗೆ ಮರಳಿತು.

1858ರದ್ದು ಗೊತ್ತಿರುವ ಕತೆ. ಮಕ್ಕಳಿಲ್ಲದ ಬಾಬಾಸಾಹೇಬರಿಗೆ ದತ್ತಕಕ್ಕೆ ಇಂಗ್ಲಿಷರ ಒಪ್ಪಿಗೆ ಸಿಗಲಿಲ್ಲ. ಮೇಲೆ ನಿಶ್ಶಸ್ತ್ರೀಕರಣದ ಹುಕುಂ. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಉರುಳಿತು. ಜೂನ್ 1ರಂದು ಕರ್ನಲ್ ಮಾಲ್ಕಮ್‌ನ ಪಡೆ ಬಂತು. ಕಾದಾಟ ಬಯಲಲ್ಲೇ ಮುಗಿಯಿತು. ಮರುದಿನ ಗುಡ್ಡದ ಮೇಲೆ ಎದುರು ನಿಲ್ಲುವವರೇ ಇರಲಿಲ್ಲ. ಅಂತಃಪುರದ ಹೆಂಗಸರಿಬ್ಬರು ಮಲಪ್ರಭೆಯ ಪಾಲಾದರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು.

ಗುಂಡು ಹಾರಿಸದೆ ಕೈಗೆ ಬಂದ ಕೋಟೆಯನ್ನು ಇಂಗ್ಲಿಷರು ಹಾಗೇ ಬಿಡಲಿಲ್ಲ. ಗೋಡೆ ಕೆಡವಿದ್ದು ಸರಿ, ಹೊಂಡಗಳನ್ನೂ ಕೆಡಿಸಿದರು. ಮುಂದೆ ಯಾರೂ ಇಲ್ಲಿ ನೆಲೆ ನಿಲ್ಲಬಾರದೆಂಬ ಲೆಕ್ಕಾಚಾರ. ಕೋಟೆಯ ಜೀವ ಎಲ್ಲಿತ್ತೆಂದು ಶತ್ರು ಸರಿಯಾಗಿಯೇ ಓದಿಕೊಂಡಿದ್ದ. ಬಿದ್ದ ಗೋಡೆಯನ್ನು ಒಂದು ಬೇಸಿಗೆಯಲ್ಲಿ ಎತ್ತಬಹುದು. ಗುಡ್ಡದ ಮೇಲೆ ನೀರು ಹುಟ್ಟಿಸುವುದು ಸುಲಭವಲ್ಲ.

ಈ ಊರಿನ ಎರಡನೇ ಬಂಡಾಯ ನೀರಿನದ್ದೇ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರದ ವಿರುದ್ಧ ಬೀದಿಗಿಳಿದಾಗ ಇಲ್ಲಿ ಗೋಲಿಬಾರ್ ನಡೆಯಿತು.

ಕೋಟೆ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಕಮಾನು, ದೀಪ, ಪುತ್ಥಳಿಗಳ ಪಟ್ಟಿ ಓದುತ್ತಾರೆ. ಅವೆಲ್ಲ ಆಮೇಲಾಗಲಿ. ಮೊದಲು ಹೊಂಡಗಳ ಹೂಳೆತ್ತಿಸಿ, ಪಕ್ಕದಲ್ಲಿ ನಾಲ್ಕು ಸಾಲಿನ ಫಲಕ ನಿಲ್ಲಿಸಿ. ಹತ್ತಿ ಹೋಗುವವರು ಖಾಲಿ ಬಾಟಲಿಯನ್ನು ಕೈಯಲ್ಲೇ ಹಿಡಿದು ಕೆಳಗಿಳಿಯಲಿ.